ಪಾಸ್ಕ ಹಬ್ಬದ ಸಿದ್ಧತೆಯಲ್ಲಿ ಅಧ್ಯಯನ ಮತ್ತು ಆತ್ಮಶೋಧನೆ: ಒಂದು ಚಾರಿತ್ರಿಕ ಅವಲೋಕನ

ಪ್ರಭುಭೋಜನಕ್ಕೆ ಬರುವ ಪ್ರತಿಯೊಬ್ಬನೂ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂದು ಸಂತ ಪೌಲರು ಕೊರಿಂಥದ ಸಭೆಗೆ ಬರೆದರು (೧ ಕೊರಿಂಥ ೧೧:೨೮). ಅಲ್ಲಿ ಅವರು ಬಳಸಿದ ಗ್ರೀಕ್ ಕ್ರಿಯಾಪದವು ಲೋಹವನ್ನೂ ನಾಣ್ಯವನ್ನೂ ಒರೆಹಚ್ಚಿ ನೋಡುವುದಕ್ಕೆ ಬಳಕೆಯಲ್ಲಿದ್ದ ಪದ. ಅದೇ ಪತ್ರದ ಐದನೆಯ ಅಧ್ಯಾಯದಲ್ಲಿ ಅವರು ಹಳೆಯ ಹುಳಿಹಿಟ್ಟನ್ನು ಹೊರಹಾಕಿ ಹಬ್ಬವನ್ನು ಆಚರಿಸುವಂತೆ ಕರೆಕೊಡುತ್ತಾರೆ. ಕ್ರಿಸ್ತರೇ ನಮ್ಮ ಪಾಸ್ಕದ ಕುರಿಮರಿ ಎಂಬುದು ಆ ಕರೆಗೆ ಕಾರಣ. ಹಬ್ಬ, ಅದಕ್ಕೆ ಮುಂಚಿನ ಶುದ್ಧೀಕರಣ, ತನ್ನನ್ನು ತಾನು ಒರೆಗೆ ಹಚ್ಚಿಕೊಳ್ಳುವುದು, ಈ ಮೂರೂ ಪೌಲರ ಮನಸ್ಸಿನಲ್ಲಿ ಹೆಣೆದುಕೊಂಡಿದ್ದವು.

ತಪಸ್ಸುಕಾಲ ಬಂದಾಗ ನಾವು ಈ ವಚನಗಳನ್ನು ಓದುತ್ತೇವೆ, ಬೋಧಿಸುತ್ತೇವೆ. ಆದರೆ ಪವಿತ್ರ ದಿನಕ್ಕೆ ಸಿದ್ಧರಾಗುವುದೆಂದರೇನು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಉಪವಾಸ ಮತ್ತು ಪಾಪನಿವೇದನೆ ಎಂಬುದಾಗಿರುತ್ತದೆ. ಅಧ್ಯಯನವೆಂಬ ಪದ ಆ ಉತ್ತರದಲ್ಲಿ ಕಾಣುವುದು ವಿರಳ. ಪುರಾತನ ಧರ್ಮಸಭೆಯಲ್ಲಿ ಹಾಗಿರಲಿಲ್ಲ. ಪವಿತ್ರ ಗ್ರಂಥವನ್ನು ಕಲಿಯುವುದೂ ಅಂತಃಸಾಕ್ಷಿಯನ್ನು ಶೋಧಿಸುವುದೂ ಅಂದು ಒಂದೇ ಕಾರ್ಯದ ಎರಡು ಮುಖಗಳಾಗಿದ್ದವು. ಅವು ಹೇಗೆ ಜೊತೆಗಿದ್ದವು, ಯಾವಾಗ ಬೇರ್ಪಟ್ಟವು, ಬೇರ್ಪಟ್ಟದ್ದರಿಂದ ಆದ ನಷ್ಟವೇನು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಸ್ರಯೇಲಿನ ಪರಂಪರೆ

ಪಾಸ್ಕ ಹಬ್ಬವು ಒಂದೇ ದಿನದಲ್ಲಿ ಆರಂಭವಾಗುವುದಿಲ್ಲ. ಮೊದಲನೆಯ ತಿಂಗಳ ಹತ್ತನೆಯ ದಿನ ಕುರಿಮರಿಯನ್ನು ಆರಿಸಿ, ಹದಿನಾಲ್ಕನೆಯ ದಿನದವರೆಗೆ ಅದನ್ನು ಇಟ್ಟುಕೊಂಡಿರಬೇಕೆಂದು ವಿಮೋಚನಾಕಾಂಡದ ಹನ್ನೆರಡನೆಯ ಅಧ್ಯಾಯ ವಿಧಿಸುತ್ತದೆ. ಮನೆಯಲ್ಲಿ ಹುಳಿಹಿಟ್ಟು ಉಳಿಯಬಾರದು. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳಿದಾಗ ಹೆತ್ತವರು ಉತ್ತರ ಹೇಳಬೇಕು. ಹಬ್ಬದ ಮೂಲವಿಧಿಯಲ್ಲಿಯೇ ಕಾಯುವಿಕೆ, ಶುದ್ಧೀಕರಣ ಮತ್ತು ಬೋಧನೆ ಸೇರಿವೆ ಎಂಬುದು ಇದರಿಂದ ಸ್ಪಷ್ಟ.

ಮುಂದೆ ಯೆಹೂದ್ಯ ರಬ್ಬಿಗಳು ಈ ಮೂರನ್ನೂ ವಿಸ್ತರಿಸಿದರು. ಕ್ರಿ.ಶ. ೨೦೦ರ ಸುಮಾರಿಗೆ ಸಂಕಲನಗೊಂಡ ಮಿಷ್ನಾದಲ್ಲಿ ಪಾಸ್ಕವನ್ನು ಕುರಿತ ಭಾಗವು ಆರಂಭವಾಗುವುದೇ ಹದಿನಾಲ್ಕನೆಯ ದಿನದ ಹಿಂದಿನ ಸಂಜೆ ದೀಪದ ಬೆಳಕಿನಲ್ಲಿ ಮನೆಯ ಹುಳಿಯನ್ನು ಹುಡುಕುವ ವಿಧಿಯಿಂದ. ಇದನ್ನು ಚರ್ಚಿಸುವ ಬಾಬಿಲೋನಿನ ತಾಲ್ಮೂದ್, ಸೂರ್ಯನ ಬೆಳಕಾಗಲಿ ಪಂಜಿನ ಬೆಳಕಾಗಲಿ ಈ ಕೆಲಸಕ್ಕೆ ಸಲ್ಲದು, ಸಣ್ಣ ದೀಪವೇ ಬೇಕು ಎನ್ನುತ್ತದೆ. ಗೋಡೆಯ ಬಿರುಕಿಗೂ ಮೂಲೆಗೂ ಹಿಡಿಯಬಹುದಾದದ್ದು ಸಣ್ಣ ದೀಪ ಮಾತ್ರ. ಮನುಷ್ಯನ ಆತ್ಮವನ್ನು ಅಂತರಂಗ ಶೋಧಿಸುವ ಸರ್ವೇಶ್ವರನ ದೀಪವೆಂದು ಕರೆಯುವ ಜ್ಞಾನೋಕ್ತಿಯನ್ನು (೨೦:೨೭) ರಬ್ಬಿಗಳು ಇದೇ ಸಂದರ್ಭದಲ್ಲಿ ನೆನೆದರು. ಅಡುಗೆಮನೆಯ ಶೋಧ ಮನಸ್ಸಿನ ಶೋಧಕ್ಕೆ ಹೀಗೆ ಹತ್ತಿರವಾಯಿತು. ಅದೇ ತಾಲ್ಮೂದ್ ಇನ್ನೊಂದು ಮಾತನ್ನೂ ದಾಖಲಿಸುತ್ತದೆ. ಪಾಸ್ಕದ ನಿಯಮಗಳ ಅಧ್ಯಯನವು ಹಬ್ಬಕ್ಕೆ ಮೂವತ್ತು ದಿನ ಮೊದಲೇ ಆರಂಭವಾಗಬೇಕು. ಎರಡು ವಾರ ಸಾಕೆಂಬುದು ರಬ್ಬಾನ್ ಸಿಮೆಯೋನ್ ಬೆನ್ ಗಮಾಲಿಯೇಲರ ಅಭಿಪ್ರಾಯ. ಅಧ್ಯಯನ ಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಎಷ್ಟು ದಿನ ಎಂಬುದಷ್ಟೇ ಚರ್ಚೆ.

ಬೈಬಲ್ಲಿನ ಎರಡು ಘಟನೆಗಳು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದ್ದು. ಏಳನೆಯ ತಿಂಗಳ ಮೊದಲ ದಿನ ಎಜ್ರನು ಧರ್ಮಶಾಸ್ತ್ರವನ್ನು ಓದಿದಾಗ ಜನರು ಅತ್ತರು. ಅಳಬೇಡಿ, ಇದು ಪವಿತ್ರ ದಿನವೆಂದು ಅವರನ್ನು ಸಂತೈಸಲಾಯಿತು. ಮರುದಿನ ಕುಟುಂಬಗಳ ಮುಖ್ಯಸ್ಥರು ಮತ್ತೆ ಅಧ್ಯಯನಕ್ಕೆ ಕುಳಿತಾಗ ಪರ್ಣಕುಟೀರಗಳ ಹಬ್ಬದ ವಿಧಿ ಅವರ ಕಣ್ಣಿಗೆ ಬಿತ್ತು. ಹಬ್ಬವನ್ನು ಆಚರಿಸಿದ ಮೇಲೆ, ಅದೇ ತಿಂಗಳ ಇಪ್ಪತ್ತನಾಲ್ಕನೆಯ ದಿನ ಅವರು ಉಪವಾಸವಿದ್ದು ತಮ್ಮ ಪಾಪಗಳನ್ನೂ ಪೂರ್ವಜರ ಅಪರಾಧಗಳನ್ನೂ ಅರಿಕೆಮಾಡಿಕೊಂಡರು. ಗ್ರಂಥವನ್ನು ಅರ್ಥಮಾಡಿಕೊಂಡದ್ದರಿಂದ ಕಣ್ಣೀರು ಬಂತು, ಹಬ್ಬವೂ ಬಂತು. ಪಾಪನಿವೇದನೆ ಆ ಹಬ್ಬದ ಸಂತೋಷವನ್ನು ಹಿಂಬಾಲಿಸಿತು.

ಎರಡನೆಯದು ಹಿಜ್ಕೀಯ ಅರಸನ ಪಾಸ್ಕ (೨ ಪೂರ್ವಕಾಲವೃತ್ತಾಂತ ೩೦). ಶುದ್ಧೀಕರಿಸಿಕೊಂಡ ಯಾಜಕರು ಸಾಲದಾದುದರಿಂದ ಹಬ್ಬವನ್ನು ಎರಡನೆಯ ತಿಂಗಳಿಗೆ ಮುಂದೂಡಬೇಕಾಯಿತು. ಆದರೂ ಎಫ್ರಯಿಮ್, ಮನಸ್ಸೆ, ಇಸ್ಸಾಕಾರ್, ಜೆಬುಲೂನ್ ಕುಲಗಳಿಂದ ಬಂದ ಅನೇಕರು ವಿಧಿಪೂರ್ವಕವಾಗಿ ಶುದ್ಧರಾಗದೆಯೇ ಪಾಸ್ಕ ಭೋಜನವನ್ನು ಉಂಡರು. ಅರಸನು ಅವರನ್ನು ಹೊರಗೆ ಕಳುಹಿಸಲಿಲ್ಲ. ದೇವರನ್ನು ಅರಸಲು ಮನಸ್ಸುಮಾಡಿದ ಎಲ್ಲರಿಗಾಗಿ ಪ್ರಾರ್ಥಿಸಿದನು. ಸರ್ವೇಶ್ವರನು ಆ ಪ್ರಾರ್ಥನೆಯನ್ನು ಆಲಿಸಿ ಜನರನ್ನು ಗುಣಪಡಿಸಿದನೆಂದು ಗ್ರಂಥಕರ್ತನು ಬರೆಯುತ್ತಾನೆ. ಸಿದ್ಧತೆ ಅಗತ್ಯವೆನ್ನುವ ಧರ್ಮಗ್ರಂಥವೇ ಸಿದ್ಧರಾಗದೆ ಬಂದವರನ್ನು ಏನು ಮಾಡಬೇಕೆಂಬುದನ್ನೂ ತೋರಿಸಿಕೊಟ್ಟಿದೆ.

ನಾಲ್ಕನೆಯ ಶತಮಾನ: ಕಲಿಕೆಯೂ ಶೋಧನೆಯೂ ಒಂದಾಗಿದ್ದ ಕಾಲ

ಆದಿ ಕ್ರೈಸ್ತರು ಪಾಸ್ಕಕ್ಕೆ ಮುಂಚೆ ಉಪವಾಸ ಮಾಡುತ್ತಿದ್ದರೆಂಬುದಕ್ಕೆ ಎರಡನೆಯ ಶತಮಾನದ ಸಾಕ್ಷ್ಯವಿದೆ. ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು ಅದಕ್ಕಿಂತ ಹೆಚ್ಚು ದಿನ ಉಪವಾಸವಿರುತ್ತಾರೆಂದು ಸಂತ ಇರೆನೇಯಸ್ ಅವರು ರೋಮಿನ ಧರ್ಮಾಧ್ಯಕ್ಷ ವಿಕ್ಟರ್ ಅವರಿಗೆ ಬರೆದುದನ್ನು ಚರಿತ್ರಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾರೆ. ನಲವತ್ತು ದಿನಗಳ ಸಿದ್ಧತೆ ನಾಲ್ಕನೆಯ ಶತಮಾನದಲ್ಲಿ ನೆಲೆಗೊಂಡಿತು. ಅಲೆಕ್ಸಾಂಡ್ರಿಯದ ಸಂತ ಅಥನೇಸಿಯಸ್ ಪ್ರತಿವರ್ಷ ಪಾಸ್ಕದ ದಿನಾಂಕವನ್ನು ತಿಳಿಸಲು ಹಬ್ಬದ ಪತ್ರಗಳನ್ನು ಬರೆಯುತ್ತಿದ್ದರು. ಅವುಗಳಲ್ಲಿ ೩೬೭ರ ಮೂವತ್ತೊಂಬತ್ತನೆಯ ಪತ್ರವು ಹೊಸ ಒಡಂಬಡಿಕೆಯ ಇಪ್ಪತ್ತೇಳು ಗ್ರಂಥಗಳನ್ನು, ಇಂದು ನಾವು ಹೊಂದಿರುವಂತೆಯೇ, ಪಟ್ಟಿಮಾಡುತ್ತದೆ. ಹೊಸದಾಗಿ ಸೇರುವವರು ಧರ್ಮಬೋಧನೆಗಾಗಿ ಓದಬೇಕಾದ ಇತರ ಗ್ರಂಥಗಳನ್ನೂ ಹೆಸರಿಸುತ್ತದೆ. ಬೈಬಲ್ ಗ್ರಂಥಗಳ ಚರಿತ್ರೆಯ ಈ ಪ್ರಮುಖ ದಾಖಲೆ ದೊರೆತದ್ದು ಹಬ್ಬದ ಸಿದ್ಧತೆಯ ಪತ್ರವೊಂದರಲ್ಲಿ ಎಂಬುದನ್ನು ನಾವು ಮರೆಯಬಾರದು. ಹಬ್ಬಕ್ಕೆ ಸಿದ್ಧರಾಗುವವರು ಏನನ್ನು ಓದಬೇಕು ಎಂಬುದು ಆ ಧರ್ಮಾಧ್ಯಕ್ಷರಿಗೆ ಕುರಿಪಾಲನೆಯ ಪ್ರಶ್ನೆಯೇ ಆಗಿತ್ತು.

ಜೆರುಸಲೇಮಿನ ಚಿತ್ರ ಇನ್ನೂ ಸ್ಪಷ್ಟವಾಗಿದೆ. ೩೫೦ರ ಸುಮಾರಿಗೆ ಸಂತ ಸಿರಿಲ್ ಅವರು ದೀಕ್ಷಾರ್ಥಿಗಳಿಗೆ ಕೊಟ್ಟ ಒಂದು ಪೀಠಿಕೆ ಹಾಗೂ ಹದಿನೆಂಟು ಬೋಧನೆಗಳು ನಮಗೆ ಉಳಿದಿವೆ. ಪೀಠಿಕೆಯಲ್ಲಿ ಅವರು ಮಾಯಗಾರ ಸಿಮೋನನನ್ನು ನೆನಪಿಸುತ್ತಾರೆ: ಅವನ ದೇಹ ನೀರಿನಲ್ಲಿ ಮುಳುಗಿತು, ಹೃದಯ ಬೆಳಕು ಕಾಣಲಿಲ್ಲ. ಹೀಗೆ ಎಚ್ಚರಿಸಿದ ಬಳಿಕ, ಪ್ರೀತಿಸಿದ ಹೆಣ್ಣನ್ನು ಮೆಚ್ಚಿಸಲೋ ಯಜಮಾನನನ್ನು ಒಲಿಸಲೋ ಬಂದವರೂ ನಿಮ್ಮಲ್ಲಿರಬಹುದು ಎಂದು ಹೇಳಿ, ಅಂಥವರನ್ನೂ ಅವರು ಸ್ವೀಕರಿಸುತ್ತಾರೆ. ಬಂದ ಉದ್ದೇಶ ಯಾವುದೇ ಇರಲಿ, ಕಲಿಯುತ್ತ ಕಲಿಯುತ್ತ ಅದು ಶುದ್ಧವಾಗಲಿ ಎಂಬುದು ಅವರ ಭರವಸೆ. ಹಿಜ್ಕೀಯನ ಪ್ರಾರ್ಥನೆಯ ಪ್ರತಿಧ್ವನಿ ಇಲ್ಲಿ ಕೇಳಿಸುತ್ತದೆ.

೩೮೧ ಮತ್ತು ೩೮೪ರ ನಡುವೆ ಪವಿತ್ರ ನಾಡಿಗೆ ಯಾತ್ರೆ ಹೋದ ಎಜೇರಿಯ ಎಂಬ ಸ್ತ್ರೀ ಬರೆದ ಕಥನವು ೧೮೮೪ರಲ್ಲಿ ಇಟಲಿಯ ಅರೆಝೊ ನಗರದಲ್ಲಿ ಪತ್ತೆಯಾಯಿತು. ಜೆರುಸಲೇಮಿನಲ್ಲಿ ದೀಕ್ಷಾರ್ಥಿಗಳ ಹೆಸರು ಬರೆಸಿಕೊಳ್ಳುವ ದಿನವನ್ನು ಆಕೆ ವಿವರಿಸುತ್ತಾಳೆ. ಧರ್ಮಾಧ್ಯಕ್ಷರು ಮಹಾದೇವಾಲಯದ ನಡುವೆ ಪೀಠದಲ್ಲಿ ಕುಳಿತು, ಒಬ್ಬೊಬ್ಬರನ್ನೂ ಕರೆದು, ಅವರ ಬಗ್ಗೆ ನೆರೆಹೊರೆಯವರನ್ನು ವಿಚಾರಿಸುತ್ತಾರೆ. ಈತನ ಬಾಳು ಒಳ್ಳೆಯದೇ? ತಂದೆತಾಯಿಯನ್ನು ಗೌರವಿಸುತ್ತಾನೆಯೇ? ಕುಡುಕನಲ್ಲವೇ? ದೋಷ ಕಂಡುಬಂದರೆ ತಿದ್ದಿಕೊಂಡು ಬರುವಂತೆ ಹೇಳಿ ಕಳುಹಿಸುತ್ತಾರೆ. ಅನಂತರ ನಲವತ್ತು ದಿನ, ಬೆಳಗಿನ ಮೊದಲ ಜಾವದಿಂದ ಮೂರು ಗಂಟೆಗಳ ಕಾಲ ಬೋಧನೆ. ಆದಿಕಾಂಡದಿಂದ ಆರಂಭಿಸಿ ಇಡೀ ಧರ್ಮಗ್ರಂಥವನ್ನು, ಮೊದಲು ಅಕ್ಷರಾರ್ಥವಾಗಿ, ಬಳಿಕ ಆಧ್ಯಾತ್ಮಿಕ ಅರ್ಥದಲ್ಲಿ, ಧರ್ಮಾಧ್ಯಕ್ಷರೇ ವಿವರಿಸುತ್ತಾರೆ. ಐದು ವಾರಗಳ ಕಲಿಕೆಯ ಬಳಿಕವಷ್ಟೇ ವಿಶ್ವಾಸ ಪ್ರಮಾಣವನ್ನು ಅವರ ಕೈಗೆ ಒಪ್ಪಿಸಲಾಗುತ್ತದೆ. ಈಗಾಗಲೇ ದೀಕ್ಷಾಸ್ನಾನ ಪಡೆದ ವಿಶ್ವಾಸಿಗಳೂ ಬಂದು ಕೇಳುತ್ತಾರೆ. ಅವರ ಉದ್ಗಾರವೂ ಕೇಳಿಸುತ್ತದೆ.

ಎಜೇರಿಯ ಕೊಡುವ ಇನ್ನೊಂದು ವಿವರ ಬಹುಭಾಷಿಕ ನಾಡಿನವರಾದ ನಮಗೆ ಆಪ್ತವಾಗುವಂಥದ್ದು. ಧರ್ಮಾಧ್ಯಕ್ಷರು ಗ್ರೀಕ್ ಭಾಷೆಯಲ್ಲಿ ಮಾತನಾಡುತ್ತಿದ್ದರು. ಪಕ್ಕದಲ್ಲಿ ನಿಂತ ಗುರುವೊಬ್ಬರು ಅದನ್ನು ಸಿರಿಯಾಕ್ ಭಾಷೆಯಲ್ಲಿ ಹೇಳುತ್ತಿದ್ದರು. ಎರಡೂ ತಿಳಿಯದ ಲ್ಯಾಟಿನ್ ಭಾಷಿಕರು ನಿರಾಶರಾಗದಿರಲೆಂದು ಎರಡು ಭಾಷೆ ಬಲ್ಲ ಸಹೋದರ ಸಹೋದರಿಯರು ಅವರಿಗೆ ವಿವರಿಸುತ್ತಿದ್ದರು. ತನಗೆ ಅರ್ಥವಾಗದ ಮಾತಿನಿಂದ ಯಾರೂ ತನ್ನನ್ನು ಶೋಧಿಸಿಕೊಳ್ಳಲಾರರು ಎಂಬ ಅರಿವು ಆ ಸಭೆಗಿತ್ತು.

ಪಶ್ಚಿಮದಲ್ಲೂ ಇಂಥದೇ ಕ್ರಮ ಬೆಳೆಯಿತು. ಉತ್ತರ ಆಫ್ರಿಕದಲ್ಲಿ ದೀಕ್ಷಾರ್ಥಿಗಳು ಪರಿಶೋಧನಾ ವಿಧಿಯ ವೇಳೆ ಮೇಕೆಯ ಕೂದಲಿನ ಒರಟು ಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲುತ್ತಿದ್ದುದು ಸಂತ ಅಗಸ್ಟೀನರ ಬೋಧನೆಗಳಿಂದ ತಿಳಿದುಬರುತ್ತದೆ. ರೋಮಿನ ಪರಂಪರೆಯಲ್ಲಿ ಸಂತ ಯೊವಾನ್ನರ ಶುಭಸಂದೇಶದ ಮೂರು ಪ್ರಸಂಗಗಳು, ಎಂದರೆ ಸಮಾರಿಯದ ಸ್ತ್ರೀ, ಹುಟ್ಟುಕುರುಡ, ಲಾಜರ, ಈ ಪರಿಶೋಧನೆಗಳೊಂದಿಗೆ ಕೂಡಿಕೊಂಡವು. ಪರಿಶೋಧನೆಯೆಂದರೆ ಜ್ಞಾನದ ಪರೀಕ್ಷೆಯಲ್ಲ. ಕೇಡಿನ ಶಕ್ತಿಯಿಂದ ಬಿಡುಗಡೆಗಾಗಿ ಸಭೆಯು ಮಾಡುವ ಪ್ರಾರ್ಥನೆ. ಬಾವಿಯ ಬಳಿ ತನ್ನ ಬಾಳನ್ನೇ ಯೇಸುಸ್ವಾಮಿಯ ಮಾತಿನಲ್ಲಿ ಕೇಳಿಸಿಕೊಂಡ ಆ ಸ್ತ್ರೀಯ ಕಥೆಯನ್ನು ಆಲಿಸುವವನು ತನ್ನ ಬಾಳನ್ನೂ ಅದರಲ್ಲಿ ಕಾಣುತ್ತಾನೆ. ಶುಭಸಂದೇಶದ ಅಧ್ಯಯನವೇ ಅಲ್ಲಿ ಆತ್ಮಶೋಧನೆಯ ಸಾಧನ.

ಬೇರ್ಪಟ್ಟ ಎರಡು ದಾರಿಗಳು

ಈ ಏಕತೆ ಶತಮಾನಗಳ ಅವಧಿಯಲ್ಲಿ ಸಡಿಲಗೊಂಡಿತು. ದೀಕ್ಷಾಸ್ನಾನ ಪಡೆಯುವವರಲ್ಲಿ ಹೆಚ್ಚಿನವರು ಶಿಶುಗಳಾದಾಗ ಮೂರು ಗಂಟೆಗಳ ಬೋಧನೆಗೆ ಕೇಳುಗರಿಲ್ಲದಂತಾಯಿತು. ರೋಮಿನ ವಿಧಿಗ್ರಂಥಗಳಲ್ಲಿ ಪರಿಶೋಧನೆಗಳ ಸಂಖ್ಯೆ ಏಳಕ್ಕೆ ಏರಿತು. ಆದರೆ ಕೈಗೂಸನ್ನು ಎತ್ತಿಕೊಂಡ ಸಹಾಯಕನು ಮಗುವಿನ ಪರವಾಗಿ ವಿಶ್ವಾಸ ಪ್ರಮಾಣವನ್ನು ಉಚ್ಚರಿಸತೊಡಗಿದನು. ವಿಧಿ ಉಳಿಯಿತು, ವಿದ್ಯೆ ಮರೆಯಾಯಿತು.

ಆತ್ಮಶೋಧನೆಯ ದಾರಿ ಬೇರೆಯಾಗಿ ಸಾಗಿತು. ಬಹಿರಂಗ ಪ್ರಾಯಶ್ಚಿತ್ತ ಕೈಗೊಂಡವರನ್ನು ಪಾಸ್ಕಕ್ಕೆ ಮುಂಚಿನ ಗುರುವಾರ ಸಭೆಗೆ ಮರಳಿ ಸೇರಿಸಿಕೊಳ್ಳುವುದು ರೋಮಿನ ಪದ್ಧತಿಯೆಂದು ಒಂದನೆಯ ಇನೊಸೆಂಟ್ ಅವರು ೪೧೬ರಲ್ಲಿ ಬರೆದರು. ಕಾಲಕ್ರಮೇಣ ಬಹಿರಂಗ ಪ್ರಾಯಶ್ಚಿತ್ತದ ಸ್ಥಾನವನ್ನು ಗುರುವಿನ ಕಿವಿಯಲ್ಲಿ ಮಾಡುವ ವೈಯಕ್ತಿಕ ಪಾಪನಿವೇದನೆ ಪಡೆಯಿತು. ೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯ ಇಪ್ಪತ್ತೊಂದನೆಯ ನಿಯಮವು, ವಿವೇಚನೆಯ ವಯಸ್ಸಿಗೆ ಬಂದ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ, ಕನಿಷ್ಠ ಪಾಸ್ಕ ಹಬ್ಬದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಬೇಕೆಂದು ವಿಧಿಸಿತು. ಗುರುವು ಗಾಯಕ್ಕೆ ಮದ್ದೆರೆಯುವ ನುರಿತ ವೈದ್ಯನಂತಿರಬೇಕೆಂಬ ಹಿತವಚನವೂ ಅದೇ ನಿಯಮದಲ್ಲಿದೆ.

ಈ ಮಹಾಸಭೆಯನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಅದರ ಹತ್ತನೆಯ ನಿಯಮವು ದೇವರ ವಾಕ್ಯವನ್ನು ಬೋಧಿಸಬಲ್ಲವರನ್ನು ನೇಮಿಸುವಂತೆ ಧರ್ಮಾಧ್ಯಕ್ಷರಿಗೆ ಹೇಳುತ್ತದೆ. ಹನ್ನೊಂದನೆಯದು ಶಿಕ್ಷಕರನ್ನು ಕುರಿತದ್ದು. ಬೋಧನೆಯಿಲ್ಲದೆ ಪಾಪನಿವೇದನೆ ಫಲಿಸದೆಂದು ಆ ಪಿತೃಗಳು ಬಲ್ಲವರಾಗಿದ್ದರು. ಆದರೆ ವರ್ಷಕ್ಕೊಮ್ಮೆಯ ಕಡ್ಡಾಯವನ್ನು ಜಾರಿಗೆ ತರುವುದು ಸುಲಭ, ಪ್ರತಿ ಹಳ್ಳಿಗೂ ಒಬ್ಬ ಬೋಧಕನನ್ನು ಒದಗಿಸುವುದು ಕಠಿಣ. ಆಚರಣೆಯಲ್ಲಿ ಇಪ್ಪತ್ತೊಂದನೆಯ ನಿಯಮ ಉಳಿಯಿತು, ಹತ್ತನೆಯದು ಮಸುಕಾಯಿತು. ಪಾಪಗಳ ಪಟ್ಟಿ ಶುಭಸಂದೇಶದ ಸ್ಥಾನವನ್ನು ಆಕ್ರಮಿಸಿತು.

ಅದೇ ಮಹಾಸಭೆಯ ಇನ್ನೊಂದು ನಿಯಮವನ್ನು ನಾವು ಇಲ್ಲಿ ಹೇಳಲೇಬೇಕು. ಅರವತ್ತೆಂಟನೆಯ ನಿಯಮವು ಯೆಹೂದ್ಯರು ಮತ್ತು ಮುಸ್ಲಿಮರು ಉಡುಪಿನಿಂದಲೇ ಗುರುತಿಸುವಂತಿರಬೇಕೆಂದು ಆಜ್ಞಾಪಿಸಿತು. ಪ್ರಭುವಿನ ಯಾತನೆಯನ್ನು ಸ್ಮರಿಸುವ ಶೋಕದ ದಿನಗಳಲ್ಲಿ ಯೆಹೂದ್ಯರು ಬೀದಿಗೆ ಬರಕೂಡದೆಂದೂ ವಿಧಿಸಿತು. ಒಂದೇ ಮಹಾಸಭೆ, ಒಂದೇ ಪವಿತ್ರ ವಾರ: ಒಂದು ನಿಯಮ ಕ್ರೈಸ್ತನಿಗೆ ನಿನ್ನ ಮನಸ್ಸನ್ನು ಶೋಧಿಸಿಕೋ ಎನ್ನುತ್ತದೆ, ಇನ್ನೊಂದು ನಿಯಮ, ಯಾರ ಹಬ್ಬದಿಂದ ಕ್ರೈಸ್ತರು ಹುಳಿಹಿಟ್ಟನ್ನು ಹೊರಹಾಕಲು ಕಲಿತರೋ ಆ ಜನರನ್ನೇ ಮನೆಯೊಳಗೆ ಅಡಗಿರಲು ಹೇಳುತ್ತದೆ. ಪಾಪನಿವೇದನೆಗೆ ಮೊಣಕಾಲೂರಿದ ಸಾವಿರಾರು ಭಕ್ತರಲ್ಲಿ ಇದು ಪಾಪವೆಂದು ಎಷ್ಟು ಜನರಿಗೆ ತೋರಿರಬಹುದು? ಪಟ್ಟಿಯಲ್ಲಿ ಇಲ್ಲದ ಪಾಪ ಪಟ್ಟಿಯನ್ನು ನೋಡುವವನ ಕಣ್ಣಿಗೆ ಬೀಳುವುದಿಲ್ಲ. ಅಧ್ಯಯನದಿಂದ ಬೇರ್ಪಟ್ಟ ಆತ್ಮಶೋಧನೆಯ ಅತಿದೊಡ್ಡ ನಷ್ಟ ಇದೇ ಎಂದು ನಾವು ಭಾವಿಸುತ್ತೇವೆ. ಅದು ತನ್ನ ಕಾಲದ ಪಾಪವನ್ನು ಕಾಣಲಾರದು.

ಧರ್ಮಸಭೆಯ ಆತ್ಮಶೋಧನೆ

ಇಪ್ಪತ್ತನೆಯ ಶತಮಾನದಲ್ಲಿ ಈ ಕುರುಡುತನ ಸರಿಯತೊಡಗಿದ್ದು ಅಧ್ಯಯನದಿಂದಲೇ. ನಾತ್ಸಿಗಳ ಕೈಯಲ್ಲಿ ಪತ್ನಿಯನ್ನೂ ಮಗಳನ್ನೂ ಕಳೆದುಕೊಂಡ ಫ್ರಾನ್ಸಿನ ಯೆಹೂದ್ಯ ಚರಿತ್ರಕಾರ ಜೂಲ್ ಇಸಾಕ್ ಅವರು ಶುಭಸಂದೇಶಗಳನ್ನು ಆಳವಾಗಿ ಅಭ್ಯಸಿಸಿ, ಕ್ರೈಸ್ತರು ಯೆಹೂದ್ಯರ ಬಗ್ಗೆ ಬೋಧಿಸುತ್ತಿದ್ದ ಅನೇಕ ಸಂಗತಿಗಳಿಗೆ ಅಲ್ಲಿ ಆಧಾರವಿಲ್ಲವೆಂದು ೧೯೪೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತೋರಿಸಿದರು. ೧೯೬೦ರ ಜೂನ್ ೧೩ರಂದು ಅವರು ವಿಶ್ವಗುರು ಇಪ್ಪತ್ತಮೂರನೆಯ ಯೊವಾನ್ನರನ್ನು ಭೇಟಿಯಾದರು. ಅದಕ್ಕೆ ಮುನ್ನವೇ, ೧೯೫೯ರ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ವಿಶ್ವಾಸಹೀನರೆಂದು ವರ್ಣಿಸುವ ಲ್ಯಾಟಿನ್ ಪದವನ್ನು ವಿಶ್ವಗುರುಗಳು ತೆಗೆಸಿದ್ದರು. ೧೯೬೫ರ ಅಕ್ಟೋಬರ್ ೨೮ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು, ಕ್ರಿಸ್ತರ ಯಾತನೆಯಲ್ಲಿ ನಡೆದುದರ ಹೊಣೆಯನ್ನು ಅಂದು ಬದುಕಿದ್ದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಘೋಷಿಸಿತು.

ಇದರ ಮುಂದುವರಿಕೆಯಾಗಿ ೨೦೦೦ದ ಮಾರ್ಚ್ ೧೨, ತಪಸ್ಸುಕಾಲದ ಮೊದಲ ಭಾನುವಾರ, ಸಂತ ಎರಡನೆಯ ಜಾನ್ ಪಾಲ್ ಅವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳು ಚರಿತ್ರೆಯಲ್ಲಿ ಎಸಗಿದ ಪಾಪಗಳಿಗಾಗಿ ಕ್ಷಮೆ ಬೇಡಿದರು. ಎರಡು ವಾರಗಳ ಬಳಿಕ ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ನಡುವೆ ಅದೇ ಆಶಯದ ಪ್ರಾರ್ಥನೆಯ ಚೀಟಿಯನ್ನು ಇಟ್ಟರು. ಆ ಕ್ಷಮಾಯಾಚನೆಗೆ ಪೂರ್ವಭಾವಿಯಾಗಿ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಸ್ಮರಣೆ ಮತ್ತು ಸಂಧಾನವನ್ನು ಕುರಿತು ವಿಸ್ತಾರವಾದ ಅಧ್ಯಯನವನ್ನು ಸಿದ್ಧಪಡಿಸಿತ್ತು. ಮೊದಲು ಅಧ್ಯಯನ, ಬಳಿಕ ಅರಿಕೆ, ಅನಂತರ ಪಾಸ್ಕ. ನೆಹೆಮೀಯನ ಕಾಲದ ಜನರು ಪೂರ್ವಜರ ಅಪರಾಧಗಳನ್ನು ಅರಿಕೆಮಾಡಿಕೊಂಡ ರೀತಿಗೆ ಇದು ಹತ್ತಿರವಾದುದು.

ದೈವಾರಾಧನಾ ವಿಧಿಯಲ್ಲೂ ಇದೇ ಮರುಜೋಡಣೆ ನಡೆಯಿತು. ೧೯೬೩ರ ದೈವಾರಾಧನಾ ಸಂವಿಧಾನದ ೧೦೯ನೆಯ ಪರಿಚ್ಛೇದವು ತಪಸ್ಸುಕಾಲಕ್ಕೆ ದೀಕ್ಷಾಸ್ನಾನ ಮತ್ತು ಪ್ರಾಯಶ್ಚಿತ್ತವೆಂಬ ಎರಡು ಮುಖಗಳಿವೆಯೆಂದು ನೆನಪಿಸಿ, ಈ ಕಾಲದಲ್ಲಿ ದೇವರ ವಾಕ್ಯವನ್ನು ಹೆಚ್ಚು ಶ್ರದ್ಧೆಯಿಂದ ಆಲಿಸಬೇಕೆನ್ನುತ್ತದೆ. ಪಾಪಕ್ಕೆ ಸಾಮಾಜಿಕ ಪರಿಣಾಮಗಳಿವೆಯೆಂಬುದನ್ನು ಬೋಧಿಸಬೇಕೆಂದೂ ಅಲ್ಲಿಯೇ ಹೇಳಿದೆ. ೧೯೭೨ರಲ್ಲಿ ವಯಸ್ಕರ ದೀಕ್ಷಾವಿಧಿ ಪ್ರಕಟವಾದಾಗ ತಪಸ್ಸುಕಾಲದ ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಿಗೆ ಪರಿಶೋಧನೆಗಳು ಮರಳಿ ಬಂದವು. ಅವುಗಳೊಂದಿಗೆ ಸಮಾರಿಯದ ಸ್ತ್ರೀ, ಹುಟ್ಟುಕುರುಡ, ಲಾಜರರೂ ಮರಳಿ ಬಂದರು.

ನಮ್ಮ ಮುಂದಿರುವ ಕಾರ್ಯ

ಗ್ರಂಥಗಳಲ್ಲಿ ಮರಳಿ ಬಂದದ್ದು ನಮ್ಮ ಧರ್ಮಕೇಂದ್ರಗಳಿಗೆ ಮರಳಿ ಬಂದಿದೆಯೇ? ಪವಿತ್ರ ವಾರದಲ್ಲಿ ಪಾಪನಿವೇದನೆಗೆ ಉದ್ದನೆಯ ಸಾಲುಗಳಿರುತ್ತವೆ. ಅದು ಸಂತೋಷದ ಸಂಗತಿ. ಆದರೆ ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಅದೇ ಪಟ್ಟಿಯನ್ನು ಐವತ್ತರ ವಯಸ್ಸಿನಲ್ಲೂ ಒಪ್ಪಿಸುವವರನ್ನು ಗುರುಗಳಾದ ನಾವೆಲ್ಲರೂ ಬಲ್ಲೆವು. ತಪ್ಪು ಅವರದಲ್ಲ. ಅವರ ಕೈಗೆ ನಾವು ಬೇರೆ ದೀಪವನ್ನು ಕೊಟ್ಟಿಲ್ಲ. ಕೊರಿಂಥದಲ್ಲಿ ಪೌಲರು ಆತ್ಮಪರೀಕ್ಷೆಯನ್ನು ಕೇಳಿದ್ದು ಉಳ್ಳವರು ಉಂಡು ಕುಡಿದು, ಇಲ್ಲದವರು ಹಸಿದು ಕುಳಿತಿದ್ದ ಭೋಜನಕೂಟದ ಸಂದರ್ಭದಲ್ಲಿ. ಆ ಅಧ್ಯಾಯವನ್ನು ಪೂರ್ತಿಯಾಗಿ ಓದಿದವನು ತನ್ನ ಹೊಲದಲ್ಲಿ ದುಡಿಯುವವನ ಕೂಲಿಯನ್ನು ಕುರಿತೂ, ತನ್ನ ಬೀದಿಯಲ್ಲಿ ಯಾರನ್ನು ಪಂಕ್ತಿಯಿಂದ ದೂರವಿಟ್ಟಿದ್ದೇನೆಂಬುದನ್ನು ಕುರಿತೂ ಯೋಚಿಸದಿರಲಾರನು. ಒಂದೇ ವಚನವನ್ನು ಬಿಡಿಯಾಗಿ ಕೇಳಿದವನಿಗೆ ಆ ಯೋಚನೆ ಬರುವುದೂ ಕಷ್ಟ.

ಗುರುಮಠದಲ್ಲಿಯೂ ಈ ಬಿರುಕು ಇದೆ. ಬೆಳಗ್ಗೆ ತರಗತಿಯಲ್ಲಿ ಬೈಬಲ್ ಪಾಠ, ತಿಂಗಳಿಗೊಮ್ಮೆ ಧ್ಯಾನಕೂಟದಲ್ಲಿ ಆತ್ಮಶೋಧನೆ. ಒಂದಕ್ಕೆ ಅಂಕಗಳಿವೆ, ಇನ್ನೊಂದಕ್ಕೆ ಮೌನವಿದೆ, ಎರಡರ ನಡುವೆ ಸೇತುವೆ ಮಾತ್ರ ಇಲ್ಲ. ಬೋಧಿಸುವ ನಾವೇ ಲಾಜರನ ಪ್ರಸಂಗದ ವ್ಯಾಖ್ಯಾನವನ್ನು ಮುಗಿಸಿ ಪುಸ್ತಕ ಮುಚ್ಚಿದಾಗ, ಸಮಾಧಿಯಿಂದ ಹೊರಗೆ ಬಾ ಎಂಬ ಕರೆ ನಮಗೂ ಉದ್ದೇಶಿತವೆಂಬುದನ್ನು ಎಷ್ಟು ಸಲ ಮರೆತಿಲ್ಲ!

ಜೆರುಸಲೇಮಿನ ಮೂರು ಗಂಟೆಗಳನ್ನು ನಮ್ಮ ಭಕ್ತಾದಿಗಳಿಂದ ಅಪೇಕ್ಷಿಸುವುದು ಸಾಧ್ಯವಾಗದಿರಬಹುದು. ಆದರೆ ಆ ಮೂರು ಭಾನುವಾರಗಳ ಶುಭಸಂದೇಶವನ್ನು ಹಿಂದಿನ ವಾರವೇ ಮನೆಗಳಲ್ಲಿ, ಅವರವರ ಮಾತೃಭಾಷೆಯಲ್ಲಿ, ಪೂರ್ತಿಯಾಗಿ ಓದಿಸಬಹುದು. ಪಾಪನಿವೇದನೆಗೆ ಬರುವವರಿಗೆ ಪಟ್ಟಿಯ ಬದಲು ಆ ಪ್ರಸಂಗಗಳಿಂದ ಎದ್ದುಬರುವ ನಾಲ್ಕಾರು ಪ್ರಶ್ನೆಗಳನ್ನು ಕೊಡಬಹುದು. ಧರ್ಮಾಧ್ಯಕ್ಷರು ನೆರೆಹೊರೆಯವರನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಪ್ರತಿಯೊಬ್ಬನೂ ತನಗೇ ಹಾಕಿಕೊಳ್ಳುವಂತೆ ಮಾಡಬಹುದು: ನನ್ನ ಬಾಳಿನ ಬಗ್ಗೆ ನನ್ನ ನೆರೆಯವನನ್ನು ಕೇಳಿದರೆ ಆತ ಏನು ಹೇಳಿಯಾನು?

ಇಷ್ಟೆಲ್ಲ ಮಾಡಿದರೂ ಪಾಸ್ಕ ಜಾಗರಣೆಯ ರಾತ್ರಿ ಏನನ್ನೂ ಓದದೆ, ಏನನ್ನೂ ಶೋಧಿಸಿಕೊಳ್ಳದೆ, ಹಬ್ಬವೆಂಬ ಒಂದೇ ಕಾರಣಕ್ಕೆ ಬಂದು ದೇವಾಲಯದ ಬಾಗಿಲಲ್ಲಿ ನಿಲ್ಲುವವರು ಇದ್ದೇ ಇರುತ್ತಾರೆ. ಅವರನ್ನು ಕಂಡಾಗ ನಮ್ಮ ಕರ್ತವ್ಯವೇನೆಂಬುದನ್ನು ಹಿಜ್ಕೀಯ ಅರಸನು ತೋರಿಸಿದ್ದಾನೆ. ಅವರಿಗಾಗಿ ಪ್ರಾರ್ಥಿಸೋಣ, ಅವರನ್ನು ಒಳಗೆ ಕರೆಯೋಣ. ಹಬ್ಬ ಮುಗಿದ ಮೇಲೂ ಐವತ್ತು ದಿನಗಳ ಪಾಸ್ಕಕಾಲ ನಮ್ಮ ಮುಂದಿದೆ. ಕಲಿಯಲು, ಕಲಿಸಲು ಅದೂ ಸಮಯವೇ.